ವಜ್ರದ ಗುಣಮಟ್ಟ ತಿಳಿಯುವುದು ಹೇಗೆ? ಮನೆಯ ವಜ್ರವನ್ನು ಇಟ್ಟುಕೊಳ್ಳಬೇಕೆ, ಮಾರಬೇಕೆ?

ಕರ್ನಾಟಕದ ಹಲವು ಜೈನ ಮನೆತನಗಳಲ್ಲಿ ತಲೆಮಾರಿನಿಂದ ಬಂದ ವಜ್ರದ ಒಡವೆ ಒಂದಾದರೂ ಇರುತ್ತದೆ. ಕರಾವಳಿಯ ಬೆಂಡೋಲೆ, ಬಯಲುಸೀಮೆಯ ಏಳು ಕಲ್ಲಿನ ಓಲೆ, ಮೂಗುತಿ, ಉಂಗುರ, ಪದಕ ಹೀಗೆ ಅದರ ರೂಪ ಬೇರೆ ಬೇರೆ. ಚಿನ್ನದ ದರವನ್ನು ಬೆಳಗಿನ ಪತ್ರಿಕೆಯಲ್ಲಿ ನೋಡಬಹುದು. ವಜ್ರಕ್ಕೆ ಅಂತಹ ದಿನದ ದರವಿಲ್ಲ. ಒಂದೇ ತೂಕದ ಎರಡು ಕಲ್ಲುಗಳ ಬೆಲೆಯಲ್ಲಿ ಹತ್ತು ಪಟ್ಟು ವ್ಯತ್ಯಾಸವೂ ಇರಬಹುದು. ಆದ್ದರಿಂದ ಮಗಳ ಮದುವೆ, ಆಸ್ತಿ ಪಾಲು, ಆಸ್ಪತ್ರೆಯ ಖರ್ಚು ಮುಂತಾದ ಸಂದರ್ಭಗಳಲ್ಲಿ ಒಡವೆ ಹೊರಗೆ ಬಂದಾಗ ಅಂಗಡಿಯವರು ಹೇಳಿದ ಮಾತೇ ಕೊನೆಯ ಮಾತಾಗಿಬಿಡುತ್ತದೆ. ವಜ್ರದ ಗುಣಮಟ್ಟವನ್ನು ಅಳೆಯುವ ಕ್ರಮ ಮತ್ತು ಇಟ್ಟುಕೊಳ್ಳುವ ಅಥವಾ ಮಾರುವ ತೀರ್ಮಾನಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ವಜ್ರ ಮತ್ತು ರತ್ನಪರೀಕ್ಷೆ

ವಜ್ರವೆಂದರೆ ಹರಳುಗಟ್ಟಿದ ಶುದ್ಧ ಇಂಗಾಲ. ಮೋಹ್ಸ್ ಗಡಸುತನದ ಮಾಪನದಲ್ಲಿ ಅದಕ್ಕೆ 10 ಅಂಕ, ಅಂದರೆ ಅತ್ಯಂತ ಗಡಸು. ಆದರೆ ಗಡಸು ಎಂದ ಮಾತ್ರಕ್ಕೆ ಒಡೆಯದ ವಸ್ತುವಲ್ಲ. ಹರಳಿನೊಳಗೆ ಸುಲಭವಾಗಿ ಸೀಳುವ ದಿಕ್ಕುಗಳಿವೆ. ಆ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ವಜ್ರವೂ ಸೀಳುತ್ತದೆ. 'ನಿಜವಾದ ವಜ್ರ ಸುತ್ತಿಗೆಯಿಂದ ಹೊಡೆದರೂ ಒಡೆಯದು' ಎಂಬ ಮಾತನ್ನು ನಂಬಿ ಪರೀಕ್ಷೆ ಮಾಡಲು ಹೋಗಬಾರದು.

18ನೇ ಶತಮಾನದ ಮೊದಲ ಭಾಗದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೂ ಜಗತ್ತಿಗೆ ವಜ್ರ ಒದಗಿಸಿದ ಮುಖ್ಯ ದೇಶ ಭಾರತವೇ. ಕೃಷ್ಣಾ ನದಿಯ ದಂಡೆಯ ಕೊಲ್ಲೂರು ಗಣಿಯ ಹೆಸರು ಇತಿಹಾಸದಲ್ಲಿ ಪ್ರಸಿದ್ಧ. ಬಳ್ಳಾರಿಗೆ ದೂರವಲ್ಲದ, ಅನಂತಪುರ ಜಿಲ್ಲೆಯ ವಜ್ರಕರೂರಿನ ಹೆಸರಿನಲ್ಲೇ ವಜ್ರವಿದೆ. ಆ ಸೀಮೆಯಲ್ಲಿ ಈಗಲೂ ಮುಂಗಾರು ಮಳೆ ಬಿದ್ದ ಮೇಲೆ ಜನ ಹೊಲಗಳಲ್ಲಿ ವಜ್ರ ಹುಡುಕುತ್ತಾರೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿನ ಬೀದಿಗಳಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳ ವ್ಯಾಪಾರ ನಡೆಯುತ್ತಿದ್ದುದನ್ನು ದಾಖಲಿಸಿದ್ದಾನೆ.

ರತ್ನಪರೀಕ್ಷೆ ಭಾರತದಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆದಿತ್ತು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಪರೀಕ್ಷೆಗೆ ಪ್ರತ್ಯೇಕ ಅಧ್ಯಾಯವಿದೆ. ಅಲ್ಲಾವುದ್ದೀನ್ ಖಿಲ್ಜಿಯ ಕಾಲದಲ್ಲಿ ದೆಹಲಿಯಲ್ಲಿ ಅಧಿಕಾರಿಯಾಗಿದ್ದ ಜೈನ ಗೃಹಸ್ಥ ಠಕ್ಕುರ ಫೇರು 1315ರಲ್ಲಿ ರತ್ನಗಳ ಕುರಿತು ಪ್ರಾಕೃತದಲ್ಲಿ 'ರಯಣಪರಿಕ್ಖಾ' ಎಂಬ ಗ್ರಂಥ ಬರೆದ. ರತ್ನಶಾಸ್ತ್ರಗಳು ಬಿಂದು, ರೇಖೆ, ಕಾಕಪದ ಮುಂತಾದ ವಜ್ರದೋಷಗಳನ್ನು ಹೇಳುತ್ತವೆ. ಹಿರಿಯರು 'ಈ ಕಲ್ಲಿನಲ್ಲಿ ಕಾಗೆ ಕಾಲಿದೆ, ಮನೆಗೆ ಆಗಿಬರುವುದಿಲ್ಲ' ಎನ್ನುವುದು ಈ ಪರಂಪರೆಯಿಂದ ಬಂದ ಮಾತು. ಇಂದಿನ ಪ್ರಯೋಗಾಲಯಗಳು ಇಂತಹ ಗುರುತುಗಳನ್ನು ಕಪ್ಪು ಹರಳು, ಬಿರುಕು, ಮೋಡದಂತಹ ಮಸುಕು ಎಂದು ನಕ್ಷೆಯಲ್ಲಿ ಗುರುತಿಸುತ್ತವೆ. ಅವು ಬೆಲೆಯನ್ನು ಇಳಿಸುತ್ತವೆ ಎಂಬುದರಲ್ಲಿ ಹಳಬರಿಗೂ ಹೊಸಬರಿಗೂ ಭಿನ್ನಾಭಿಪ್ರಾಯವಿಲ್ಲ.

ನಾಲ್ಕು ಅಳತೆಗಳು

1931ರಲ್ಲಿ ಸ್ಥಾಪನೆಯಾದ ಜೆಮಾಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ (ಜಿಐಎ) ರೂಪಿಸಿದ ಕ್ರಮವನ್ನೇ ಇಂದು ಜಗತ್ತಿನ ವ್ಯಾಪಾರ ಅನುಸರಿಸುತ್ತದೆ. ಕ್ಯಾರಟ್, ಬಣ್ಣ, ಸ್ವಚ್ಛತೆ, ಕಟ್ ಎಂಬ ನಾಲ್ಕನ್ನು ಅದು ನೋಡುತ್ತದೆ.

ಕ್ಯಾರಟ್: ಇದು ತೂಕ, ಗಾತ್ರವಲ್ಲ. ಚಿನ್ನದ ಶುದ್ಧತೆಗೆ ಹೇಳುವ ಕ್ಯಾರಟ್‌ಗೂ ಇದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಗುಲಗಂಜಿ ಇದ್ದಂತೆ ಮೆಡಿಟರೇನಿಯನ್ ಸೀಮೆಯಲ್ಲಿ ಕ್ಯಾರೋಬ್ ಬೀಜದ ತೂಕವಿತ್ತು. ಕ್ಯಾರಟ್ ಎಂಬ ಹೆಸರು ಅದರಿಂದ ಬಂದಿದೆ. 1907ರಲ್ಲಿ ಒಪ್ಪಿತವಾದ ಮೆಟ್ರಿಕ್ ಲೆಕ್ಕದಂತೆ 1 ಕ್ಯಾರಟ್ ಎಂದರೆ 0.2 ಗ್ರಾಂ. ಅದರ ನೂರರಲ್ಲಿ ಒಂದು ಪಾಲನ್ನು ಅಂಗಡಿಗಳಲ್ಲಿ ಸೆಂಟ್ ಎನ್ನುತ್ತಾರೆ. ಚೆನ್ನಾಗಿ ಕತ್ತರಿಸಿದ 1 ಕ್ಯಾರಟ್‌ನ ದುಂಡು ವಜ್ರದ ಅಡ್ಡಳತೆ ಸುಮಾರು 6.5 ಮಿ.ಮೀ., 25 ಸೆಂಟ್‌ನದು ಸುಮಾರು 4.1 ಮಿ.ಮೀ., 10 ಸೆಂಟ್‌ನದು ಸುಮಾರು 3 ಮಿ.ಮೀ.

ಇಲ್ಲಿ ತಿಳಿದಿರಬೇಕಾದ ಮುಖ್ಯ ವಿಷಯವೊಂದಿದೆ. ದೊಡ್ಡ ಕಲ್ಲು ಅಪರೂಪವಾದ್ದರಿಂದ ಪ್ರತಿ ಕ್ಯಾರಟ್‌ನ ದರವೂ ತೂಕದೊಂದಿಗೆ ಏರುತ್ತದೆ. ಒಂದು ಜೊತೆ ಏಳು ಕಲ್ಲಿನ ಓಲೆಯಲ್ಲಿ ತಲಾ 10 ಸೆಂಟ್‌ನ 14 ಕಲ್ಲುಗಳಿದ್ದರೆ ಒಟ್ಟು 1.40 ಕ್ಯಾರಟ್ ಆಗುತ್ತದೆ. ಆದರೆ ಅದಕ್ಕೆ 1.40 ಕ್ಯಾರಟ್‌ನ ಒಂಟಿ ಕಲ್ಲಿನ ಬೆಲೆ ಸಿಗುವುದಿಲ್ಲ. ಅದರ ಸಣ್ಣ ಪಾಲು ಮಾತ್ರ. 'ಮನೆಯಲ್ಲಿ ಒಂದೂವರೆ ಕ್ಯಾರಟ್ ವಜ್ರವಿದೆ' ಎಂದು ಲೆಕ್ಕ ಹಾಕಿಕೊಂಡವರು ಮಾರುವಾಗ ನಿರಾಶರಾಗುವುದು ಇದೇ ಕಾರಣಕ್ಕೆ.

ಬಣ್ಣ: ಬಿಳಿ ವಜ್ರದಲ್ಲಿ ಹಳದಿ ಅಥವಾ ಕಂದು ಛಾಯೆ ಎಷ್ಟು ಕಡಿಮೆಯೋ ಅಷ್ಟು ಬೆಲೆ. ಇಂಗ್ಲಿಷ್ ಅಕ್ಷರ ಡಿಯಿಂದ ಝಡ್‌ವರೆಗೆ ದರ್ಜೆ. ಹಿಂದೆ ವ್ಯಾಪಾರಿಗಳು ಎ, ಬಿ, ಸಿ ಅಕ್ಷರಗಳನ್ನು ಮನಬಂದಂತೆ ಬಳಸುತ್ತಿದ್ದುದರಿಂದ ಗೊಂದಲ ಬೇಡವೆಂದು ಡಿಯಿಂದ ಆರಂಭಿಸಲಾಯಿತು. ಡಿ, ಇ, ಎಫ್ ಬಣ್ಣರಹಿತ. ಜಿಯಿಂದ ಜೆವರೆಗೆ ಬಹುತೇಕ ಬಣ್ಣರಹಿತ. ಕೆಯಿಂದ ಮುಂದೆ ಛಾಯೆ ಕಾಣತೊಡಗುತ್ತದೆ. ಹಳದಿ ಚಿನ್ನದಲ್ಲಿ ಕೂರಿಸಿದ ಕಲ್ಲಿನಲ್ಲಿ ಈ ಛಾಯೆ ಅಷ್ಟಾಗಿ ಎದ್ದು ಕಾಣದು. ಬಣ್ಣವನ್ನು ಸರಿಯಾಗಿ ಹೇಳಬೇಕಾದರೆ ಕಲ್ಲನ್ನು ಬಿಚ್ಚಿ, ಬಿಳಿ ಹಿನ್ನೆಲೆಯಲ್ಲಿ ತಲೆಕೆಳಗಾಗಿಟ್ಟು ನೋಡಬೇಕು. ಅಂಗಡಿಯ ಹಳದಿ ದೀಪದ ಕೆಳಗೆ ಎಲ್ಲ ವಜ್ರವೂ ಚೆನ್ನಾಗಿಯೇ ಕಾಣುತ್ತದೆ.

ಸ್ವಚ್ಛತೆ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಒಳಗಿನ ಗುರುತುಗಳನ್ನು ನೋಡಿ ದರ್ಜೆ ಕೊಡುತ್ತಾರೆ. ದೋಷವೇ ಕಾಣದ್ದು ಎಫ್‌ಎಲ್, ಒಳದೋಷ ಕಾಣದ್ದು ಐಎಫ್. ನಂತರ ವಿವಿಎಸ್, ವಿಎಸ್, ಎಸ್‌ಐ ದರ್ಜೆಗಳು. ಪ್ರತಿಯೊಂದರಲ್ಲೂ 1 ಮತ್ತು 2 ಎಂಬ ವಿಭಾಗ. ಕೊನೆಗೆ ಐ1, ಐ2, ಐ3. ಇವುಗಳಲ್ಲಿ ದೋಷ ಬರಿಗಣ್ಣಿಗೂ ಕಾಣಬಹುದು. ವಿವಿಎಸ್ ಮತ್ತು ವಿಎಸ್ ನಡುವಿನ ವ್ಯತ್ಯಾಸ ಧರಿಸಿದಾಗ ಯಾರಿಗೂ ತಿಳಿಯುವುದಿಲ್ಲ, ಬಿಲ್ಲಿನಲ್ಲಿ ಮಾತ್ರ ತಿಳಿಯುತ್ತದೆ. ಗುರುತು ಎಲ್ಲಿದೆ ಎಂಬುದೂ ಮುಖ್ಯ. ಅಂಚಿನವರೆಗೆ ಬಂದ ಬಿರುಕು ಪೆಟ್ಟಿಗೆ ಬೇಗ ಒಡೆಯುತ್ತದೆ.

ಕಟ್: ಮನುಷ್ಯನ ಕೈಯಲ್ಲಿರುವ ಗುಣ ಇದೊಂದೇ. ದುಂಡು ಬ್ರಿಲಿಯಂಟ್ ಕಟ್‌ನಲ್ಲಿ 57 ಅಥವಾ 58 ಮುಖಗಳಿರುತ್ತವೆ. ಕೋನಗಳು ಸರಿಯಿದ್ದರೆ ಒಳಹೊಕ್ಕ ಬೆಳಕು ಮೇಲಿನಿಂದಲೇ ಹಿಂದಿರುಗಿ ಹೊಳೆಯುತ್ತದೆ. ಕಲ್ಲು ತೀರಾ ಆಳವಾಗಿದ್ದರೆ ನಡುವೆ ಕಪ್ಪಾಗಿ, ತೀರಾ ಚಪ್ಪಟೆಯಾಗಿದ್ದರೆ ಮಂಕಾಗಿ ಕಾಣುತ್ತದೆ. ಲೆಕ್ಕ ಹಾಕಿ ಈ ಪ್ರಮಾಣಗಳನ್ನು 1919ರಲ್ಲಿ ಪುಸ್ತಕರೂಪದಲ್ಲಿ ಕೊಟ್ಟವನು ಮಾರ್ಸೆಲ್ ಟಾಲ್ಕೊವ್ಸ್ಕಿ. ಬಣ್ಣ, ಸ್ವಚ್ಛತೆಯಲ್ಲಿ ಒಂದು ಮೆಟ್ಟಿಲು ಕೆಳಗಿದ್ದರೂ ಕಟ್ ಚೆನ್ನಾಗಿರುವ ಕಲ್ಲು ಕಣ್ಣಿಗೆ ಹೆಚ್ಚು ಸುಂದರವಾಗಿ ಕಾಣುತ್ತದೆ.

ಹಳೆಯ ಒಡವೆಗಳ ವಿಶೇಷ

ಅಜ್ಜಿಯ ಕಾಲದ ಒಡವೆಯಲ್ಲಿ ಇಂದಿನ ಬ್ರಿಲಿಯಂಟ್ ಕಟ್ ಇಲ್ಲದಿರಬಹುದು. ತಳ ಚಪ್ಪಟೆಯಾಗಿ ಮೇಲ್ಭಾಗ ಮಾತ್ರ ಕತ್ತರಿಸಿದ ರೋಸ್ ಕಟ್, ದಪ್ಪ ಮೈಯ ಓಲ್ಡ್ ಮೈನ್ ಕಟ್, ಸೀಳಿ ಉಜ್ಜಿದಷ್ಟೇ ಆದ ಪೋಲ್ಕಿ ಇರಬಹುದು. ಇವನ್ನು ಹಿಂಬದಿ ಮುಚ್ಚಿದ ಕಟ್ಟಡದಲ್ಲಿ, ಹೊಳಪಿಗಾಗಿ ಕೆಳಗೆ ತೆಳುವಾದ ಲೋಹದ ಹಾಳೆಯಿಟ್ಟು ಕೂರಿಸುತ್ತಿದ್ದರು. ಇಂತಹ ಒಡವೆಯನ್ನು ನೀರಿನಲ್ಲಿ ನೆನೆಹಾಕಿದರೆ ಹಾಳೆ ಕಪ್ಪಾಗಿ ಕಲ್ಲು ಸತ್ತಂತೆ ಕಾಣುತ್ತದೆ. ಕಲ್ಲು ಕೆಟ್ಟಿಲ್ಲದಿದ್ದರೂ ಬೆಲೆ ಕೇಳುವಾಗ ಹೊಡೆತ ಬೀಳುತ್ತದೆ.

ದಕ್ಷಿಣ ಭಾರತದ ಮನೆಗಳಲ್ಲಿ 'ನಮ್ಮದು ಬ್ಲೂ ಜಾಗರ್' ಎಂಬ ಮಾತು ಆಗಾಗ ಕೇಳಿಬರುತ್ತದೆ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ ಬಂದ, ನಸುನೀಲಿ ಮಿನುಗಿನ ಬಿಳಿ ಕಲ್ಲುಗಳಿಗೆ ಬಂದ ಹೆಸರದು. ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವ ಗುಣ ಇತರ ಗಣಿಗಳ ಎಷ್ಟೋ ವಜ್ರಗಳಿಗೂ ಉಂಟು. ಆದ್ದರಿಂದ ನೀಲಿ ಮಿನುಗನ್ನು ನೋಡಿಯೇ ಗಣಿಯ ಹೆಸರು ಹೇಳಲಾಗದು. ಮಾರುಕಟ್ಟೆಯಲ್ಲಿ ಬೆಲೆ ಸಿಗುವುದು ಪ್ರಮಾಣಪತ್ರದಲ್ಲಿ ಬರೆದ ದರ್ಜೆಗೆ, ಮನೆಯಲ್ಲಿ ಉಳಿದುಬಂದ ಹೆಸರಿಗಲ್ಲ.

ಹಳೆಯ ಒಡವೆಯನ್ನು ಮುರಿಸಿ ಹೊಸದು ಮಾಡಿಸುವ ಮುನ್ನ ಅದು ಯಾವ ಬಗೆಯದೆಂದು ತಿಳಿಯುವುದು ಒಳ್ಳೆಯದು. ಹಳೆಯ ಕಟ್‌ನ ಕಲ್ಲನ್ನು ಹೊಸ ಕಟ್‌ಗೆ ಮರುಕೆತ್ತಿಸಿದರೆ ಗಣನೀಯ ತೂಕ ಹೋಗುತ್ತದೆ. ಕೆಲಸಗಾರಿಕೆ ಚೆನ್ನಾಗಿರುವ ಹಳೆಯ ಒಡವೆಗೆ ಇಡಿಯಾಗಿ ಸಿಗುವ ಬೆಲೆ ಬಿಡಿ ಕಲ್ಲು ಮತ್ತು ಚಿನ್ನದ ಬೆಲೆಗಿಂತ ಹೆಚ್ಚಿರಬಹುದು.

ನಿಜವೋ, ನಕಲಿಯೋ

ಮನೆಯಲ್ಲಿ ಮಾಡುವ ಪರೀಕ್ಷೆಗಳು ಸುಳಿವು ಕೊಡುತ್ತವೆಯೇ ಹೊರತು ತೀರ್ಪು ಕೊಡುವುದಿಲ್ಲ.

• ಬಾಯಿಯ ಹಬೆ ಊದಿದರೆ ವಜ್ರದ ಮೇಲಿನ ಮಂಜು ತಕ್ಷಣ ಆರುತ್ತದೆ. ವಜ್ರ ಶಾಖವನ್ನು ಬಹಳ ಬೇಗ ಸಾಗಿಸುವುದೇ ಇದಕ್ಕೆ ಕಾರಣ. ಗಾಜಿನ ಮೇಲೆ ಮಂಜು ಸ್ವಲ್ಪ ಹೊತ್ತು ನಿಲ್ಲುತ್ತದೆ.
• 'ಅಮೆರಿಕನ್ ಡೈಮಂಡ್' ಎಂದು ಮಾರುವ ಕ್ಯೂಬಿಕ್ ಜಿರ್ಕೋನಿಯಾ ಅದೇ ಗಾತ್ರದ ವಜ್ರಕ್ಕಿಂತ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಬಿಡಿ ಕಲ್ಲಿನಲ್ಲಿ ಮಾತ್ರ ಇದನ್ನು ನೋಡಬಹುದು.
• ಮೋಯ್ಸನೈಟ್ ಎಂಬ ಕಲ್ಲನ್ನು ಮಸೂರದಲ್ಲಿ ಓರೆಯಾಗಿ ನೋಡಿದರೆ ಹಿಂಬದಿಯ ಗೆರೆಗಳು ಜೋಡಿಯಾಗಿ ಕಾಣುತ್ತವೆ. ಶಾಖ ಅಳೆಯುವ ಸಾಮಾನ್ಯ ಪೆನ್ ಇದನ್ನೂ ವಜ್ರವೆಂದೇ ತೋರಿಸಬಹುದು.
• ಗಾಜಿನ ಮೇಲೆ ಗೀರುವ ಪರೀಕ್ಷೆ ನಿಷ್ಪ್ರಯೋಜಕ. ಗಾಜನ್ನು ಗೀರುವ ಕಲ್ಲುಗಳು ಬೇಕಾದಷ್ಟಿವೆ. ಗೀರುವಾಗ ಒಡವೆಗೆ ಹಾನಿಯಾಗುವ ಸಂಭವವೂ ಉಂಟು.

ಹಿಂದೆ ಬಿಳಿ ನೀಲಮಣಿ, ಜಿರ್ಕಾನ್, ಗಾಜುಗಳನ್ನೂ ವಜ್ರದ ಜಾಗದಲ್ಲಿ ಕೂರಿಸುತ್ತಿದ್ದರು. ದುರಸ್ತಿಗೆ ಕೊಟ್ಟಾಗ ಬಿದ್ದುಹೋದ ಕಲ್ಲಿಗೆ ಬದಲಾಗಿ ಬೇರೆಯದು ಸೇರಿರಬಹುದು. ಹಾಗಾಗಿ ಏಳು ಕಲ್ಲಿನಲ್ಲಿ ಒಂದನ್ನು ಪರೀಕ್ಷಿಸಿ ಉಳಿದವೂ ಹಾಗೆಯೇ ಎಂದುಕೊಳ್ಳುವಂತಿಲ್ಲ. ಪ್ರತಿಯೊಂದನ್ನೂ ನೋಡಿಸಬೇಕು.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ

ಜನರಲ್ ಎಲೆಕ್ಟ್ರಿಕ್ ಕಂಪನಿ 1954ರಲ್ಲಿ ವಜ್ರವನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಇಂದು ಎಚ್‌ಪಿಎಚ್‌ಟಿ ಮತ್ತು ಸಿವಿಡಿ ಎಂಬ ಎರಡು ವಿಧಾನಗಳಲ್ಲಿ ಒಡವೆಗೆ ಯೋಗ್ಯವಾದ ವಜ್ರಗಳನ್ನು ಬೆಳೆಸುತ್ತಾರೆ. ಭಾರತದಲ್ಲಿ ಸೂರತ್ ಇದರ ದೊಡ್ಡ ಕೇಂದ್ರ. ಇವು ನಕಲಿಯಲ್ಲ, ಇಂಗಾಲದ ವಜ್ರವೇ. ಬರಿಗಣ್ಣಿಗೂ ಶಾಖದ ಪೆನ್ನಿಗೂ ವ್ಯತ್ಯಾಸ ತಿಳಿಯದು. ವಿಶೇಷ ಉಪಕರಣಗಳಿರುವ ಪ್ರಯೋಗಾಲಯ ಮಾತ್ರ ಹೇಳಬಲ್ಲದು.

ಬೆಲೆಯಲ್ಲಿ ಮಾತ್ರ ಅಜಗಜಾಂತರ. ಯಂತ್ರದಲ್ಲಿ ಬೇಕಾದಷ್ಟು ಬೆಳೆಸಬಹುದಾದ್ದರಿಂದ ಇವುಗಳ ದರ ಕೆಲವೇ ವರ್ಷಗಳಲ್ಲಿ ತೀವ್ರವಾಗಿ ಕುಸಿದಿದೆ. ಮರುಮಾರಾಟದ ಬೆಲೆ ಅತ್ಯಲ್ಪ. ಕಡಿಮೆ ಖರ್ಚಿನಲ್ಲಿ ದೊಡ್ಡ ಕಲ್ಲು ಧರಿಸಬೇಕೆನ್ನುವವರಿಗೆ ಇದು ಸರಿ. ಮುಂದೆ ಕಷ್ಟಕಾಲಕ್ಕಾದೀತು ಎಂದು ಕೊಳ್ಳುವವರಿಗಲ್ಲ. ಇದರ ಪೈಪೋಟಿಯಿಂದ ಗಣಿಯ ವಜ್ರದ ದರಕ್ಕೂ ಪೆಟ್ಟು ಬಿದ್ದಿದೆ. 'ವಜ್ರದ ಬೆಲೆ ಎಂದೂ ಇಳಿಯದು' ಎಂಬ ಮಾತು ಈಗ ಸಲ್ಲದು.

ಪ್ರಮಾಣಪತ್ರ ಮತ್ತು ಬಿಲ್ಲು

ಜಿಐಎ, ಐಜಿಐ, ಎಚ್‌ಆರ್‌ಡಿ ಮುಂತಾದ ಸಂಸ್ಥೆಗಳು ವಜ್ರವನ್ನು ಪರೀಕ್ಷಿಸಿ ವರದಿ ಕೊಡುತ್ತವೆ. ವರದಿಯ ಸಂಖ್ಯೆಯನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ವಿವರ ತಾಳೆ ನೋಡಬಹುದು. ಅನೇಕ ಕಲ್ಲುಗಳ ನಡುಪಟ್ಟಿಯ ಮೇಲೆ ಅದೇ ಸಂಖ್ಯೆಯನ್ನು ಲೇಸರ್‌ನಿಂದ ಬರೆದಿರುತ್ತಾರೆ. ಕಾಗದ ನಿಜವಾಗಿದ್ದರೆ ಸಾಲದು, ಕಾಗದವೂ ಕಲ್ಲೂ ಒಂದಕ್ಕೊಂದು ಸೇರಿದ್ದೇ ಆಗಿರಬೇಕು. ಅಂಗಡಿಯೇ ತನ್ನ ಹೆಸರಿನಲ್ಲಿ ಕೊಡುವ ಪ್ರಮಾಣಪತ್ರಕ್ಕೆ ಬೇರೆ ಅಂಗಡಿಯಲ್ಲಿ ಮಾನ್ಯತೆ ಸಿಗುವುದು ಕಷ್ಟ.

ಬಿಐಎಸ್ ಹಾಲ್‌ಮಾರ್ಕ್ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಚಿನ್ನದ ಶುದ್ಧತೆಗೆ ಮಾತ್ರ ಸಂಬಂಧಿಸಿದ್ದು. ಒಡವೆಗೆ ಹಾಲ್‌ಮಾರ್ಕ್ ಇದೆಯೆಂದರೆ ಅದರ ಕಲ್ಲಿಗೂ ಖಾತರಿ ಇದೆ ಎಂದರ್ಥವಲ್ಲ. ಬಿಲ್ಲಿನಲ್ಲಿ ಒಟ್ಟು ತೂಕ, ಕಲ್ಲಿನ ತೂಕ, ಚಿನ್ನದ ನಿವ್ವಳ ತೂಕ ಪ್ರತ್ಯೇಕವಾಗಿರಬೇಕು. 8 ಗ್ರಾಂನ ಓಲೆಯಲ್ಲಿ 1.40 ಕ್ಯಾರಟ್ ವಜ್ರವಿದ್ದರೆ ಕಲ್ಲಿನ ತೂಕ 0.28 ಗ್ರಾಂ, ಚಿನ್ನದ ಲೆಕ್ಕ 7.72 ಗ್ರಾಂಗೆ ಮಾತ್ರ. ಮಾರುವಾಗಲೂ ಇದೇ ಲೆಕ್ಕ. ಕಲ್ಲಿನ ಹೆಸರಿನಲ್ಲಿ ಇದಕ್ಕಿಂತ ಹೆಚ್ಚು ತೂಕ ಕಳೆಯುತ್ತಿದ್ದರೆ ಕಾರಣ ಕೇಳಬೇಕು.

ಒಂದೇ ವಜ್ರಕ್ಕೆ ಮೂರು ಬೆಲೆ

ಅಂಗಡಿಯಲ್ಲಿ ಹೊಸದಾಗಿ ಕೊಳ್ಳಲು ತಗಲುವ ಬೆಲೆ ಒಂದು. ವಿಮೆಗಾಗಿ ಬರೆಸುವ ಮೌಲ್ಯ ಸಾಮಾನ್ಯವಾಗಿ ಇದೇ ಲೆಕ್ಕದಲ್ಲಿರುತ್ತದೆ. ಸಗಟು ವ್ಯಾಪಾರಿಗಳ ನಡುವಿನ ಬೆಲೆ ಎರಡನೆಯದು; 1978ರಿಂದ ಬರುತ್ತಿರುವ ರಾಪಾಪೋರ್ಟ್ ದರಪಟ್ಟಿಯನ್ನು ಆಧಾರವಾಗಿಟ್ಟುಕೊಂಡು, ಸಾಮಾನ್ಯವಾಗಿ ಅದರಲ್ಲಿ ಇಂತಿಷ್ಟು ಶೇಕಡಾ ಕಳೆದು ವ್ಯವಹಾರ ಮಾಡುತ್ತಾರೆ. ಮನೆಯವರು ಮಾರಲು ಹೋದಾಗ ಸಿಗುವುದು ಮೂರನೆಯದು. ಅದು ಸಗಟು ಬೆಲೆಗಿಂತಲೂ ಕಡಿಮೆ, ಏಕೆಂದರೆ ಕೊಂಡವನು ಮತ್ತೆ ಲಾಭಕ್ಕೆ ಮಾರಬೇಕು. ಕೊಳ್ಳುವಾಗ ಕೊಟ್ಟ ಕೂಲಿ, ಜಿಎಸ್‌ಟಿ, ಅಂಗಡಿಯ ಲಾಭ ಯಾವುದೂ ಹಿಂದಿರುಗುವುದಿಲ್ಲ. ಕೆಲವು ಅಂಗಡಿಗಳು ತಾವೇ ಮಾರಿದ ಒಡವೆಯನ್ನು ಬಿಲ್ಲಿದ್ದರೆ ನಿಗದಿತ ಪ್ರಮಾಣದಲ್ಲಿ ಹಿಂದಕ್ಕೆ ಪಡೆಯುತ್ತವೆ. ಆ ಬಿಲ್ಲು ಕಳೆದುಹೋದರೆ ಹಣವೇ ಕಳೆದಂತೆ.

ಪಾಲು ಮಾಡುವಾಗ ಮನಸ್ತಾಪ ಹುಟ್ಟುವುದೂ ಇಲ್ಲಿಯೇ. ಅಕ್ಕ ಓಲೆ ಇಟ್ಟುಕೊಂಡು ತಂಗಿಯರಿಗೆ ಹಣ ಕೊಡುವುದಾದರೆ ಯಾವ ಬೆಲೆ? ಅಂಗಡಿ ಬೆಲೆ ಹಿಡಿದರೆ ಅಕ್ಕನಿಗೆ ನಷ್ಟ. ಯಾರೋ ಒಬ್ಬರು ಬಾಯಲ್ಲಿ ಹೇಳಿದ ಕಡಿಮೆ ಬೆಲೆ ಹಿಡಿದರೆ ತಂಗಿಯರಿಗೆ ನಷ್ಟ. ಮೊದಲು ಪ್ರಯೋಗಾಲಯದ ವರದಿ ಪಡೆದು, ಅದರ ಮೇಲೆ ಇಬ್ಬರು ಅಥವಾ ಮೂವರು ಕೊಳ್ಳುವವರಿಂದ ಬರವಣಿಗೆಯಲ್ಲಿ ದರ ಪಡೆದು, ಅದರಲ್ಲಿ ಹೆಚ್ಚಿನದನ್ನು ಪಾಲಿಗೆ ಹಿಡಿಯುವುದು ಎಲ್ಲರೂ ಒಪ್ಪಬಹುದಾದ ದಾರಿ. ಜೋಡಿ ಓಲೆಯನ್ನು ಬಿಡಿಸಿ ಒಂದೊಂದು ಹಂಚಿಕೊಂಡರೆ ಎರಡರ ಬೆಲೆಯೂ ಇಳಿಯುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಉಯಿಲಿಲ್ಲದೆ ತೀರಿಕೊಂಡ ತಾಯಿಯ ಒಡವೆಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಾನ ಹಕ್ಕಿರುವುದರಿಂದ ಎಲ್ಲರ ಲಿಖಿತ ಒಪ್ಪಿಗೆಯಿಲ್ಲದೆ ಮಾರಬಾರದು.

ಇಟ್ಟುಕೊಳ್ಳುವುದು ಯಾವಾಗ ಸೂಕ್ತ?

• ಒಡವೆಯನ್ನು ಮನೆಯಲ್ಲಿ ಯಾರಾದರೂ ಧರಿಸುತ್ತಿದ್ದರೆ ಅಥವಾ ಧರಿಸಲು ಇಷ್ಟಪಡುವ ಮುಂದಿನ ತಲೆಮಾರಿದ್ದರೆ.
• ಸಣ್ಣ ಕಲ್ಲುಗಳ ಒಡವೆಯಾಗಿದ್ದರೆ. ಮಾರಿದರೆ ಬರುವ ಹಣ ಕಡಿಮೆ, ಅಂತಹುದನ್ನೇ ಮತ್ತೆ ಮಾಡಿಸಲು ಬೇಕಾದ ಹಣ ಹೆಚ್ಚು.
• ಹಣದ ತೊಂದರೆ ತಾತ್ಕಾಲಿಕವಾಗಿದ್ದರೆ. ಬ್ಯಾಂಕುಗಳು ಚಿನ್ನದ ಮೇಲೆ ಸಾಲ ಕೊಡುವಾಗ ಕಲ್ಲಿನ ತೂಕ ಕಳೆದು ಚಿನ್ನಕ್ಕೆ ಮಾತ್ರ ಲೆಕ್ಕ ಹಾಕುತ್ತವೆ. ಕಲ್ಲಿಲ್ಲದ ಬೇರೆ ಚಿನ್ನವಿದ್ದರೆ ಅದನ್ನು ಅಡವಿಟ್ಟು ವಜ್ರದ ಒಡವೆ ಉಳಿಸಿಕೊಳ್ಳಬಹುದು.

ಮಾರುವುದು ಯಾವಾಗ ಸೂಕ್ತ?

• ವರ್ಷಗಟ್ಟಲೆ ಲಾಕರಿನಲ್ಲಿಯೇ ಇದ್ದು, ಬಾಡಿಗೆ ಮಾತ್ರ ಕಟ್ಟುತ್ತಿದ್ದರೆ.
• ಅರ್ಧ ಕ್ಯಾರಟ್‌ಗೂ ಮೇಲ್ಪಟ್ಟ, ಒಳ್ಳೆಯ ದರ್ಜೆಯ, ವರದಿಯಿರುವ ಒಂಟಿ ಕಲ್ಲಾಗಿದ್ದು, ಶಿಕ್ಷಣ, ಚಿಕಿತ್ಸೆ, ಮನೆಯಂತಹ ಖಚಿತ ಅಗತ್ಯವಿದ್ದರೆ. ಇಂತಹ ಕಲ್ಲುಗಳಿಗೆ ಕೊಳ್ಳುವವರು ಸಿಗುತ್ತಾರೆ.
• ಹೆಚ್ಚಿನ ಬಡ್ಡಿಯ ಸಾಲ ತೀರಿಸಬೇಕಿದ್ದರೆ. ವಜ್ರ ಬಡ್ಡಿ ಗಳಿಸುವುದಿಲ್ಲ. ಸಾಲ ಬೆಳೆಯುತ್ತಲೇ ಇರುತ್ತದೆ.
• ಪಾಲುದಾರರು ಹಲವರಿದ್ದು ಹಣವಾಗಿ ಹಂಚಿಕೊಳ್ಳಲು ಎಲ್ಲರೂ ಒಪ್ಪಿದ್ದರೆ.

ಬೆಲೆ ಏರೀತು ಎಂಬ ಒಂದೇ ಆಸೆಯಿಂದ ಇಟ್ಟುಕೊಳ್ಳುವುದು, ಬೆಲೆ ಇಳಿದೀತು ಎಂಬ ಒಂದೇ ಭಯದಿಂದ ಮಾರುವುದು ಎರಡೂ ಒಳ್ಳೆಯ ಕಾರಣಗಳಲ್ಲ. ಕಲ್ಲು 'ಆಗಿಬರುವುದಿಲ್ಲ' ಎಂದು ಹೆದರಿಸಿ ಕಡಿಮೆ ಬೆಲೆಗೆ ಕೇಳುವವರ ಬಗ್ಗೆಯೂ ಎಚ್ಚರವಿರಲಿ.

ಮಾರುವ ಕ್ರಮ

ಮೊದಲು ಒಡವೆಯ ಎಲ್ಲ ಮಗ್ಗುಲಿನ ಚಿತ್ರ ತೆಗೆದು, ಮನೆಯ ಹತ್ತಿರದ ನಂಬಿಕೆಯ ಕಡೆ ತೂಕ ಮಾಡಿಸಿ ಬರೆದಿಡಬೇಕು. ದೊಡ್ಡ ಕಲ್ಲಿದ್ದರೆ ಪ್ರಯೋಗಾಲಯದ ವರದಿ ಮಾಡಿಸುವುದು ಲಾಭ. ಸಣ್ಣ ಕಲ್ಲುಗಳಿಗೆ ವರದಿಯ ಖರ್ಚೇ ಹೆಚ್ಚಾಗಬಹುದು. ಕಲ್ಲು ಬಿಚ್ಚುವ ಕೆಲಸ ಎದುರಿಗೇ ನಡೆಯಬೇಕು. ಒಡವೆಯನ್ನು 'ನೋಡಿ ಹೇಳುತ್ತೇವೆ' ಎಂದು ಇಟ್ಟುಕೊಳ್ಳುವುದಾದರೆ ತೂಕ, ಕಲ್ಲಿನ ಸಂಖ್ಯೆ, ಅಳತೆ ನಮೂದಿಸಿದ ರಸೀದಿ ಪಡೆಯಬೇಕು. ಕನಿಷ್ಠ ಮೂರು ಕಡೆ ದರ ಕೇಳಬೇಕು. ಚಿನ್ನಕ್ಕೆಷ್ಟು, ಕಲ್ಲಿಗೆಷ್ಟು ಎಂದು ಪ್ರತ್ಯೇಕವಾಗಿ ಕೇಳಬೇಕು. 'ವಜ್ರಕ್ಕೇನೂ ಬರುವುದಿಲ್ಲ, ಚಿನ್ನಕ್ಕೆ ಕೊಡುತ್ತೇವೆ' ಎಂದರೆ ಕಲ್ಲುಗಳನ್ನು ಬಿಚ್ಚಿ ಹಿಂದಕ್ಕೆ ಪಡೆಯುವ ಹಕ್ಕು ಮಾರುವವರಿಗಿದೆ.

ಹಣವನ್ನು ಬ್ಯಾಂಕ್ ಮೂಲಕವೇ ಪಡೆಯಬೇಕು. ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಸ್ವೀಕರಿಸುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ. ಒಡವೆ ಮಾರಿದ ಲಾಭ ಬಂಡವಾಳ ಲಾಭವಾಗುತ್ತದೆ. 24 ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ಅದು ದೀರ್ಘಾವಧಿಯದು. 2024ರ ಜುಲೈ 23ರಿಂದ ಇದಕ್ಕೆ ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಶೇ. 12.5ರ ದರ ಜಾರಿಯಾಗಿದೆ. ಪಿತ್ರಾರ್ಜಿತವಾಗಿ ಬಂದಾಗ ತೆರಿಗೆಯಿಲ್ಲ. ಮಾರುವಾಗ ಮಾತ್ರ ಲೆಕ್ಕ. ಆಗ ಹಿಂದಿನವರು ಕೊಟ್ಟ ಬೆಲೆ ಮತ್ತು ಅವರು ಇಟ್ಟುಕೊಂಡಿದ್ದ ಅವಧಿಯನ್ನು ಪರಿಗಣಿಸುತ್ತಾರೆ. 2001ರ ಏಪ್ರಿಲ್ 1ಕ್ಕೂ ಮುಂಚಿನ ಒಡವೆಯಾದರೆ ಆ ದಿನದ ಮಾರುಕಟ್ಟೆ ಮೌಲ್ಯವನ್ನು ಮೂಲ ಬೆಲೆಯಾಗಿ ಹಿಡಿಯಬಹುದು. ಅದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ನೆರವಾಗುತ್ತದೆ. ದೊಡ್ಡ ಮೊತ್ತವಾದರೆ ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯುವುದು ಕ್ಷೇಮ.

ಬಸದಿಗೆ ಅಥವಾ ಧರ್ಮಕಾರ್ಯಕ್ಕೆ ವಜ್ರದ ಒಡವೆ ದಾನ ಮಾಡುವವರೂ ತೂಕ, ಕಲ್ಲಿನ ಸಂಖ್ಯೆ ಮತ್ತು ದರ್ಜೆಯನ್ನು ಬರೆಸಿ ರಸೀದಿ ಪಡೆಯುವುದು ಕೊಟ್ಟವರಿಗೂ ಪಡೆದವರಿಗೂ ಒಳ್ಳೆಯದು.

ಉಳಿಸಿಕೊಂಡರೆ ಆರೈಕೆ

ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಹಿಂಬದಿ ತೆರೆದ ಕಟ್ಟಡವಾದರೆ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಮೆದು ಬ್ರಷ್‌ನಿಂದ ತೊಳೆದು ಒಣಬಟ್ಟೆಯಿಂದ ಒರೆಸಿದರೆ ಸಾಕು. ಹಿಂಬದಿ ಮುಚ್ಚಿದ್ದನ್ನು ಒಣಬಟ್ಟೆಯಿಂದ ಮಾತ್ರ ಒರೆಸಬೇಕು. ವಜ್ರ ಬೇರೆ ಒಡವೆಯನ್ನೂ ಇನ್ನೊಂದು ವಜ್ರವನ್ನೂ ಗೀರುವುದರಿಂದ ಒಂದೊಂದನ್ನೂ ಬೇರೆ ಬಟ್ಟೆಯಲ್ಲಿ ಸುತ್ತಿಡಬೇಕು. ವರ್ಷಕ್ಕೊಮ್ಮೆ ಕಲ್ಲು ಹಿಡಿದಿರುವ ಕೊಕ್ಕೆಗಳು ಸಡಿಲವಾಗಿವೆಯೇ ಎಂದು ನೋಡಿಸಬೇಕು. ಒಡವೆಯ ಚಿತ್ರ, ಬಿಲ್ಲು, ವರದಿಗಳನ್ನು ಒಡವೆಯ ಜೊತೆಗಲ್ಲದೆ ಬೇರೆ ಕಡೆ ಇಡಬೇಕು; ಅವು ಎಲ್ಲಿವೆ ಎಂಬುದು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು. ಯಾರಿಗೆ ಯಾವುದು ಸೇರಬೇಕೆಂಬುದನ್ನು ಹಿರಿಯರು ಬದುಕಿರುವಾಗಲೇ ಉಯಿಲಿನಲ್ಲಿ ಬರೆದಿಟ್ಟರೆ ಒಡವೆಯ ಜೊತೆಗೆ ಮಕ್ಕಳ ನಡುವಿನ ಸಂಬಂಧವೂ ಉಳಿಯುತ್ತದೆ.